ಗಿಡ ನೋಡಿ ತರಬೇಡಿ, ಮರ ನೋಡಿ ತನ್ನಿ

ಮೈಸೂರಿನಲ್ಲಿ ನಮ್ಮದು 40–60ರ ಸೈಟು. ಮನೆ ಕಟ್ಟಿದ ವರ್ಷವೇ ನಮ್ಮ ಮಾವ ಗೇಟಿನ ಪಕ್ಕ ಒಂದು ಗುಲ್‌ಮೊಹರ್ ನೆಟ್ಟಿದ್ದರು. ಕಾಂಪೌಂಡಿನಿಂದ ಮೂರೇ ಅಡಿ ದೂರ. ಮೇ ತಿಂಗಳು ಬಂದರೆ ಮರವಿಡೀ ಕೆಂಪು. ಹದಿನೈದು ವರ್ಷ ಆಗುವಷ್ಟರಲ್ಲಿ ಬೇರು ಕಾಂಪೌಂಡನ್ನು ಎತ್ತಿ ಬಿರುಕು ಬಿಡಿಸಿತ್ತು. ಒಂದು ಏಪ್ರಿಲ್ ಸಂಜೆಯ ಗಾಳಿಮಳೆಗೆ ದೊಡ್ಡ ಕೊಂಬೆ ಮುರಿದು ಕರೆಂಟ್ ತಂತಿ ಮೇಲೆ ಬಿತ್ತು. ಕೊನೆಗೆ ಮರ ಕಡಿಸಲೇಬೇಕಾಯಿತು. ಆ ದಿನ ಮಾವ ಮಧ್ಯಾಹ್ನ ಊಟ ಮಾಡಲಿಲ್ಲ.

ತಪ್ಪು ಮರದ್ದಲ್ಲ. ಮಡಗಾಸ್ಕರ್‌ನಿಂದ ಬಂದ ಆ ಮರದ ಬೇರು ನೆಲದ ಮೇಲ್ಪದರದಲ್ಲೇ ಹರಡುತ್ತದೆ, ಕೊಂಬೆ ಬೇಗ ಮುರಿಯುತ್ತದೆ. ಅಗಲವಾದ ಮೈದಾನದ ಅಂಚಿಗೆ ಅದು ಚೆಂದ. ಮೂರಡಿ ಜಾಗಕ್ಕಲ್ಲ.

ನರ್ಸರಿಯಲ್ಲಿ ಎಲ್ಲ ಗಿಡಗಳೂ ಒಂದೇ ಥರ ಕಾಣುತ್ತವೆ. ಕಪ್ಪು ಕವರು, ಎರಡಡಿ ಕಾಂಡ, ಒಂದಿಷ್ಟು ಹಸಿರೆಲೆ. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಅದೇ ಜಾತಿಯ ಇಪ್ಪತ್ತು ವರ್ಷದ ಮರ ಎಲ್ಲಿದೆ ಹುಡುಕಿ. ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುವಾಗ ಇದನ್ನೇ ಮಾಡುತ್ತೇನೆ. ಬುಡ ನೋಡಿ: ಬೇರು ಮೇಲೆದ್ದಿದೆಯಾ? ತಲೆ ಎತ್ತಿ: ಮುರಿದ ಕೊಂಬೆಯ ಗಾಯಗಳಿವೆಯಾ? ಕೆಳಗೆ ಏನು ಉದುರಿದೆ? ಎಲೆ ಯಾವ ತಿಂಗಳು ಬೀಳುತ್ತದೆ? ಒಂದೇ ಸಲ ನೋಡಿದರೆ ಸಾಲದು. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ.

ಬೇರಿನ ವಿಷಯ ಒಂದು ಗೊತ್ತಿರಲಿ. ಮರ ಎಷ್ಟು ಎತ್ತರವೋ ಬೇರೂ ಅಷ್ಟೇ ಆಳ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ಅಂಚು ದಾಟಿ ಹರಡುತ್ತವೆ. ಹಾಗಾಗಿ ಬೆಳೆದ ಮರಕ್ಕೆ ಗೊಬ್ಬರವನ್ನು ಬುಡಕ್ಕೆ ಸುರಿಯಬೇಡಿ, ಕೊಂಬೆಯ ಅಂಚಿನ ಕೆಳಗೆ ಸುತ್ತಲೂ ಹಾಕಿ. ಸಂಪು, ಒಳಚರಂಡಿ ಪೈಪು ಎಲ್ಲಿವೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ತೇವ ಇರುವ ಬಿರುಕು ಸಿಕ್ಕರೆ ಬೇರು ಒಳಗೆ ನುಗ್ಗುತ್ತದೆ. ಆಲ, ಅರಳಿ, ಅತ್ತಿ ಸೈಟಿನೊಳಗೆ ಬೇಡವೇ ಬೇಡ.

ಗೋಡೆಯಿಂದ ದೂರಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಕರಿಬೇವು, ನಿಂಬೆ, ಪಾರಿಜಾತಕ್ಕೆ ಐದಾರು ಅಡಿ. ಸೀಬೆ, ನುಗ್ಗೆಗೆ ಎಂಟು ಹತ್ತು. ಮಾವಿಗೆ ಹದಿನೈದಾದರೂ ಬೇಕು. ಅಷ್ಟು ಜಾಗ ಇಲ್ಲ, ಆದರೂ ಮಾವು ಬೇಕೇ ಬೇಕು ಅಂದರೆ ಆಮ್ರಪಾಲಿ ಹಾಕಿ. ದಶೇರಿ ಮತ್ತು ನೀಲಂ ಸೇರಿಸಿ ಮಾಡಿದ ಗಿಡ್ಡ ತಳಿ ಅದು. ಯಾವ ಮಾವಾದರೂ ಕಸಿ ಗಿಡವನ್ನೇ ತನ್ನಿ. ವಾಟೆಯಿಂದ ಬೆಳೆದದ್ದು ಫಲ ಕೊಡಲು ಏಳೆಂಟು ವರ್ಷ ಕಾಯಿಸಬಹುದು, ಹಣ್ಣು ತಾಯಿಮರದಂತೆಯೇ ಇರುತ್ತದೆ ಎನ್ನುವ ಹಾಗೂ ಇಲ್ಲ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಲಿ. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಿ ಹಾಕಿ.

ನುಗ್ಗೆ ನನಗೆ ತುಂಬಾ ಇಷ್ಟ. ತೋಳು ದಪ್ಪದ ಕೊಂಬೆ ನೆಟ್ಟರೂ ಚಿಗುರುತ್ತದೆ. ಸೊಪ್ಪು, ಹೂವು, ಕಾಯಿ ಎಲ್ಲಾ ಅಡುಗೆಗೆ. ಆದರೆ ಮನೆ ಮುಂದೆ ನುಗ್ಗೆ ಬೇಡ ಅಂತ ಅಜ್ಜಿ ಹೇಳುತ್ತಿದ್ದರು. ಸುಮ್ನೆ ಹೇಳಿದ್ದಲ್ಲ. ಮಳೆ ಶುರುವಾದರೆ ಕಾಂಡದ ತುಂಬಾ ಕಂಬಳಿಹುಳ, ಸೋಕಿದರೆ ಮೈಯೆಲ್ಲಾ ತುರಿಕೆ. ಕೊಂಬೆಯೂ ಗಾಳಿಗೆ ನಿಲ್ಲುವುದಿಲ್ಲ. ಹಿತ್ತಿಲಲ್ಲಿ ನೆಟ್ಟು, ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಎದೆಮಟ್ಟಕ್ಕೆ ಕಡಿಯಿರಿ. ಕಾಯಿ ಕೈಗೆ ಎಟುಕುತ್ತದೆ.

ಕರಿಬೇವನ್ನು ಒಂದೊಂದು ಎಲೆ ಕೀಳದೆ ಕುಡಿ ಸಮೇತ ಮುರಿಯಿರಿ, ಪಕ್ಕದಿಂದ ಎರಡು ಚಿಗುರು ಬರುತ್ತದೆ. ಇದರ ಮೇಲೂ ನಿಂಬೆಯ ಮೇಲೂ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಬರುತ್ತದೆ. ಆಮೇಲೆ ಹಸಿರಾಗಿ, ಚಿಟ್ಟೆಯಾಗುತ್ತದೆ. ನಾನು ಎಳೆ ನಿಂಬೆಯಿಂದ ಎತ್ತಿ ದೊಡ್ಡ ಕರಿಬೇವಿಗೆ ಬಿಡುತ್ತೇನೆ. ಔಷಧಿ ಹೊಡೆಯುವುದಿಲ್ಲ. ನಿಂಬೆಗೆ ಬಿಸಿಲು ಜಾಸ್ತಿ ಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ನೆರಳಿಗೆ ಹೊಂಗೆ. ಪಡುವಣ ಗೋಡೆಗೆ ಸಂಜೆಯ ಬಿಸಿಲು ಹೊಡೆಯುತ್ತದೆ, ಅಲ್ವಾ? ಆ ಕಡೆ ಜಾಗ ಇದ್ದರೆ, ಮೇಲೆ ತಂತಿ ಇಲ್ಲದಿದ್ದರೆ, ಹೊಂಗೆ ನೆಡಿ. ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಸರಿಯಾಗಿ ಬಿಸಿಲೇರುವಾಗ ನೆರಳು ಸಿದ್ಧ. ತಂತಿಯ ಕೆಳಗಾದರೆ ಪಾರಿಜಾತ ಸಾಕು.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಸೈಟಿನ ಮರವಾದರೂ ಹಲವು ಜಾತಿಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆಮೇಲೆ ಕಡಿದರಾಯಿತು ಅಂತ ನೆಡಬೇಡಿ.

ಗುಂಡಿಯನ್ನು ಬೇಸಿಗೆಯಲ್ಲೇ ತೋಡಿಡಿ. ಉದ್ದ, ಅಗಲ, ಆಳ ಎರಡೆರಡು ಅಡಿ. ಮೇಲ್ಮಣ್ಣು ಬೇರೆ ಇಟ್ಟು, ಕೊಳೆತ ಸಗಣಿ ಗೊಬ್ಬರದ ಜೊತೆ ಕಲಸಿ ತುಂಬಿ. ಮುಂಗಾರು ಮಳೆ ಎರಡು ಸಲ ಚೆನ್ನಾಗಿ ಹುಯ್ದ ಮೇಲೆ ನೆಡಿ. ಕವರು ಹರಿದಾಗ ಬೇರು ಸುತ್ತಿಕೊಂಡಿದ್ದರೆ ಮೆಲ್ಲಗೆ ಬಿಡಿಸಿ, ಇಲ್ಲದಿದ್ದರೆ ಅದು ಮುಂದೆಯೂ ಸುತ್ತುತ್ತಲೇ ಇರುತ್ತದೆ.

ಗುಲ್‌ಮೊಹರ್ ಇದ್ದ ಕಡೆ ಈಗ ಪಾರಿಜಾತ ಇದೆ. ಬೆಳಗ್ಗೆ ಬಿದ್ದ ಹೂವನ್ನು ಮಾವ ತಾವೇ ಬಗ್ಗಿ ಆರಿಸುತ್ತಾರೆ. ಈ ಸಲ ಹಿತ್ತಿಲ ಮೂಲೆಗೆ ಬೆಟ್ಟದ ನೆಲ್ಲಿ. ಜೊತೆಗೊಂದು ಮರ ಇದ್ದರೆ ಅದಕ್ಕೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಪಕ್ಕದ ಮನೆಯಲ್ಲಿ ಒಂದಿದೆ. ಗುಂಡಿ ತೋಡಿ ಆಗಿದೆ, ಮಳೆ ಬರಬೇಕು.