ಮೊದಲು ಮಾತ್ರೆ ಚೀಲ, ಆಮೇಲೆ ಚೀಟಿ

ಸಕ್ಕರೆ ಕಾಯಿಲೆಗೆ ಒಬ್ಬ ಡಾಕ್ಟರು, ಬಿಪಿಗೆ ಇನ್ನೊಬ್ಬರು, ಮಂಡಿನೋವಿಗೆ ಸಂತೆ ದಿನ ಪೇಟೆಯಲ್ಲಿ ಒಂದು ಇಂಜೆಕ್ಷನ್. ಕೊಡಗಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ನೋಡುವ ಹಿರಿಯರಲ್ಲಿ ಒಂದೇ ಕಾಯಿಲೆ ಇರುವವರು ಕಡಿಮೆ. ಅದಕ್ಕೇ ಹೊಸ ಚೀಟಿ ಬರೆಯುವ ಮೊದಲು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯನ್ನೂ ಸೇರಿಸಿ, ಚೀಲದಲ್ಲಿ ತರಲು ಹೇಳುತ್ತೇನೆ.

ತೋಟದ ಲೈನ್ ಮನೆಯ ಅಜ್ಜಿಯೊಬ್ಬರ ಚೀಲದಲ್ಲಿ ಬಿಪಿ ಮಾತ್ರೆ ಆಮ್ಲೋಡಿಪಿನ್ ಎರಡು ಬೇರೆ ಬೇರೆ ಹೆಸರಿನಲ್ಲಿತ್ತು. ಎರಡನ್ನೂ ನುಂಗಿ ಕಾಲು ಬಾತಿತ್ತು. ಆ ಬಾವು ಇಳಿಯಲೆಂದು ಯಾರೋ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರು. ಶೌಚಾಲಯ ಮನೆಯಿಂದ ಹೊರಗೆ. ಮಳೆಯಲ್ಲಿ ಜಾರಿ ಬೀಳುವ ಭಯಕ್ಕೆ ಅಜ್ಜಿ ಸಂಜೆಯಾದ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಇದರ ಜೊತೆಗೆ ಬಿಪಿಗೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್, ಮಂಡಿಗೆ ಡೈಕ್ಲೋಫೆನಾಕ್. ಈ ನೋವಿನ ಮಾತ್ರೆ, ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ನೀರು ಕಡಿಮೆಯಾದರಂತೂ ಇನ್ನೂ ಬೇಗ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿಯೇ ಇತ್ತು.

"ಇಷ್ಟರಲ್ಲಿ ನಿಮಗೆ ಜಾಸ್ತಿ ಕಷ್ಟ ಯಾವುದು ಅಜ್ಜಿ?"

"ಮಂಡಿ ಡಾಕ್ಟ್ರೇ. ಮೊಮ್ಮಗೂನ ಅಂಗನವಾಡಿಗೆ ಬಿಡೋಕೆ ಏರು ಹತ್ತೋಕಾಗಲ್ಲ."

ಈ ಪ್ರಶ್ನೆ ಕೇಳದೆ ಯಾವ ಮಾತ್ರೆ ಮುಖ್ಯ ಎಂದು ತೀರ್ಮಾನಿಸಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಡೈಕ್ಲೋಫೆನಾಕ್, ಮೂತ್ರದ ಮಾತ್ರೆ, ಒಂದು ಆಮ್ಲೋಡಿಪಿನ್ ನಿಲ್ಲಿಸಿದೆ. ಮಂಡಿಗೆ ಹಚ್ಚುವ ಜೆಲ್, ಬೇಕಾದಾಗ ಪ್ಯಾರಾಸಿಟಮಾಲ್, ಕುರ್ಚಿಯಲ್ಲಿ ಕೂತು ಕಾಲು ಚಾಚಿ ಮಾಡುವ ತೊಡೆಯ ವ್ಯಾಯಾಮ. ಬಾವು ಇಳಿಯಿತು, ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ಕೂಡ. ಬೆಳಿಗ್ಗೆ ಬರೀ ಕಾಫಿ ಕುಡಿದು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ನುಂಗಿ, ಸಕ್ಕರೆ ತೀರಾ ಇಳಿದು ಹತ್ತು ಗಂಟೆಗೆ ಬೆವರಿ ನಡುಗುತ್ತಿದ್ದರು, ಅದನ್ನೂ ಬಿಡಿಸಿದೆ. ಈ ವಯಸ್ಸಿನಲ್ಲಿ, ಇಷ್ಟೆಲ್ಲ ಕಾಯಿಲೆಗಳ ನಡುವೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8ರ ಆಸುಪಾಸಿನಲ್ಲಿದ್ದರೆ ನನಗೆ ಸಮಾಧಾನ. 7ಕ್ಕೆ ಇಳಿಸಲು ಹೋಗಿ ಏರಿನಲ್ಲಿ ತಲೆ ಸುತ್ತಿ ಬಿದ್ದರೆ ಯಾರಿಗೆ ಲಾಭ?

ಮಳೆಗಾಲಕ್ಕೆ ಬೇರೆ ಲೆಕ್ಕ. ಮರ ಬಿದ್ದು ಬಸ್ಸು ನಿಲ್ಲುತ್ತದೆ, ಆದ್ದರಿಂದ ಜೂನ್‌ಗೆ ಮೊದಲೇ ಹೆಚ್ಚು ದಿನದ ಮಾತ್ರೆ ಕೊಡುತ್ತೇನೆ. ಆಗಸ್ಟ್ ಆರಂಭದಲ್ಲಿ, ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆ. ಇಲ್ಲಿಯವರಿಗೆ ಗೊತ್ತಿರುವ ವಿಷಯವೇ, ಆದರೂ ಕಿಡ್ನಿ ತೊಂದರೆ ಇದೆ ಎಂದು ಕೇಳಿದವರು ರಕ್ತವೆಂದು ಹೆದರಿ ಓಡಿ ಬರುತ್ತಾರೆ. ಮುಂಚೆಯೇ ಹೇಳಿಡುತ್ತೇನೆ: ಮರುದಿನ ಬಣ್ಣ ಹೋಗದಿದ್ದರೆ ಬನ್ನಿ, ಸಕ್ಕರೆ ಕಾಯಿಲೆಯವರು ಚಿಕ್ಕ ಬಟ್ಟಲು ಸಾಕು.

ಅಜ್ಜಿಯ ಚೀಲದಲ್ಲಿ ಈಗ ಒಂದೇ ಕಾಗದವಿದೆ. ಅದರಲ್ಲಿ ಯಾವ ಮಾತ್ರೆ ಯಾವುದಕ್ಕೆ, ಯಾವ ಹೊತ್ತಿಗೆ ಎಂದಿದೆ. ಬೇರೆ ಯಾರಲ್ಲಿಗೆ ಹೋದರೂ ತೋರಿಸಲೆಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಕಿಡ್ನಿ ತೊಂದರೆ ಇದೆ, ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡ.