ವೈಟ್ ಮುಟ್ಟಿದರೆ ಈಗ ನನ್ನ ಪಾರ್ಟಿ ಓಡುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ

ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಎಂದರೆ ಒಬ್ಬ ಡಿಎಂ ಕಥೆ ನಡೆಸಿ, ಉಳಿದವರು ಸಾಹಸಿಗಳ ಗುಂಪಾಗಿ, ಅಂದರೆ ಪಾರ್ಟಿಯಾಗಿ, ದಾಳ ಉರುಳಿಸಿ ಆಡುವ ಆಟ. ಅದರ 2014ರ ಐದನೇ ಎಡಿಷನ್‌ನಲ್ಲಿ ಲೈಫ್ ಡ್ರೈನ್ (ಸತ್ತೆದ್ದು ಬಂದ ಜೀವಿಗಳು, ನನ್ನ ಮಾತಿನಲ್ಲಿ ಶವಗಳು, ಪ್ರಾಣ ಹೀರುವುದು) ಎಂದರೆ ಒಂದು ರಾತ್ರಿಯ ತಲೆನೋವು, ಅಷ್ಟೇ. ವೈಟ್ ಎಂಬ ಶವ ಮುಟ್ಟುತ್ತದೆ, ಕಾನ್‌ಸ್ಟಿಟ್ಯೂಷನ್ ಸೇವ್ (ತಾಳಿಕೊಳ್ಳುವ ಶಕ್ತಿಯ ದಾಳ) 13 ಮುಟ್ಟುವುದಿಲ್ಲ, ಗರಿಷ್ಠ ಹಿಟ್ ಪಾಯಿಂಟ್ (ಪ್ರಾಣದ ಅಂಕ) ಐದಾರು ಇಳಿಯುತ್ತದೆ. ಎಂಟು ಗಂಟೆ ಮಲಗಿ ಎದ್ದರೆ ಎಲ್ಲ ವಾಪಸ್. ನನ್ನ ಟೇಬಲ್‌ನಲ್ಲಿ ಗೋಡೆಯೊಳಗಿಂದ ರೇತ್ ಎಂಬ ಭೂತ ಬಂದರೂ "ಲಾಂಗ್ ರೆಸ್ಟ್ ಇದೆಯಲ್ಲ, ಬಿಡು" ಎನ್ನುವವರೇ ಎಲ್ಲರೂ. ಅದನ್ನು ಸರಿಮಾಡಲೇಬೇಕು ಎಂದು ಹಟಕ್ಕೆ ಬಿದ್ದು ಒಂದು ಹೌಸ್ ರೂಲ್, ಅಂದರೆ ನಮ್ಮದೇ ಟೇಬಲ್ಲಿನ ನಿಯಮ, ಕಟ್ಟಿದೆ. "ಇದರ ಲೆಕ್ಕ ಇಡೋಕೇ ಆಗಲ್ಲ ಮಾರಾಯ" ಎಂದಿದ್ದ ಇನ್ನೊಬ್ಬ ಡಿಎಂ ಈಗ ತನ್ನ ಟೇಬಲ್‌ನಲ್ಲೂ ಅದನ್ನೇ ಆಡಿಸುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಳೇ ಎಡಿಷನ್‌ಗಳ ದಾರಿಯನ್ನೇ ಹಿಡಿದು ನೋಡಿದ್ದೆ. ವೈಟ್, ರೇತ್ ಮುಟ್ಟಿದರೆ ಒಂದು ಲೆವೆಲ್ (ಪಾತ್ರದ ಮಟ್ಟ) ಹೋಗುತ್ತದೆ, ಸ್ಪೆಕ್ಟರ್ ಎಂಬ ಪ್ರೇತ, ವ್ಯಾಂಪೈರ್ ಆದರೆ ಎರಡು. ಸೇವ್ ಗೀವ್ ಏನೂ ಇಲ್ಲ. ಆ ಕಾಲದಲ್ಲಿ ಗುಹೆಯಿಂದ ಹೊತ್ತು ತಂದ ಚಿನ್ನದ ನಾಣ್ಯಕ್ಕೆ ಒಂದೊಂದು ಅನುಭವದ ಅಂಕ ಸಿಗುತ್ತಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳ ಲೆಕ್ಕ ಹಿಡಿದರೆ 32,000 ಅಂಕದ ಆರನೇ ಲೆವೆಲ್ ಫೈಟರ್ (ಯೋಧ) ಒಂದೇ ಏಟಿಗೆ 24,000ಕ್ಕೆ ಬೀಳುತ್ತಾನೆ. ಅಂದರೆ ವೈಟ್ ಜೇಬಿಗೆ ಕೈ ಹಾಕಿ ಎಂಟು ಸಾವಿರ ಚಿನ್ನ ಎಗರಿಸಿದ ಹಾಗೆ! ಹೆದರಿಕೆ ಹುಟ್ಟಿತು, ನಿಜ. ಆದರೆ ಕಾಳಗವೇ ನಿಂತುಹೋಯಿತು. ಸಮಾಧಿ ಕಂಡರೆ ಬಾಗಿಲಲ್ಲೇ ಎಣ್ಣೆ ಸುರಿದು ಬೆಂಕಿ ಹಚ್ಚಿ ಮನೆಗೆ ಹೊರಡುವ ಪಾರ್ಟಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಆಮೇಲೆ 2000ದ ಮೂರನೇ ಎಡಿಷನ್‌ನ ನೆಗೆಟಿವ್ ಲೆವೆಲ್. ಒಂದೊಂದಕ್ಕೂ ಅಟ್ಯಾಕ್, ಸೇವ್, ಸ್ಕಿಲ್ ಎಲ್ಲದರಲ್ಲೂ ಒಂದು ಕಡಿಮೆ, ಐದು ಹಿಟ್ ಪಾಯಿಂಟ್ ಖೋತಾ, ಮಂತ್ರ ಹಾಕುವವರಿಗೆ ಒಂದು ಸ್ಪೆಲ್ ಕೂಡ ಹೋಗುತ್ತದೆ. ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಫಾರ್ಟಿಟ್ಯೂಡ್ ಸೇವ್, ತಪ್ಪಿದರೆ ಲೆವೆಲ್ ಕಾಯಂ ಹೋಯಿತು. ಓದಲು ಚೆಂದ. ಆಡುವಾಗ ಪ್ರತಿ ಸುತ್ತಿಗೂ ಪೆನ್ಸಿಲು, ರಬ್ಬರು. ನಾಲ್ಕನೇ ಎಡಿಷನ್‌ನಲ್ಲಿ ವೈಟ್ ಹೀಲಿಂಗ್ ಸರ್ಜ್ (ದಿನಕ್ಕೆ ಇಂತಿಷ್ಟೇ ಸಲ ವಾಸಿಮಾಡಿಕೊಳ್ಳುವ ಅವಕಾಶ) ಕಸಿಯುತ್ತಿತ್ತಲ್ಲ, ಆ ಎಡಿಷನ್‌ಗೆ ಬೈಯುವವರು ಬೈಯಲಿ, ನನ್ನ ಬೀಜ ಸಿಕ್ಕಿದ್ದು ಅಲ್ಲೇ. ಎಣಿಸಲು ಬರುವ, ಖರ್ಚು ಮಾಡಲು ಬರುವ ವಸ್ತುವನ್ನೇ ಕಸಿಯಬೇಕು.

ನಡುವೆ ದುಡ್ಡಿನ ದಾರಿಯನ್ನೂ ನೋಡಿದೆ. ಐದನೇ ಎಡಿಷನ್‌ನಲ್ಲಿ ಇಳಿದ ಗರಿಷ್ಠವನ್ನು ಗ್ರೇಟರ್ ರೆಸ್ಟೊರೇಷನ್ ಮಂತ್ರ ಸರಿಮಾಡುತ್ತದೆ, ಅದಕ್ಕೆ ನೂರು ಚಿನ್ನದ ವಜ್ರದ ಪುಡಿ ಬೇಕು. ಒಂಬತ್ತನೇ ಲೆವೆಲ್ ಪಾರ್ಟಿಗೆ ನೂರು ಯಾವ ಲೆಕ್ಕ? ಲಾಂಗ್ ರೆಸ್ಟ್‌ಗೆ ವಾಸಿಯಾಗುವುದನ್ನು ನಿಲ್ಲಿಸಿ, ಪುಡಿಯ ಬೆಲೆಯನ್ನು ಐನೂರರ ಆಸುಪಾಸಿಗೆ ಏರಿಸಿದೆ. ಕುದುರೆ ಮಾರಿದರು, ಸಾಲ ಎತ್ತಿದರು, ಎರಡು ಸೆಷನ್ ಪೂರ್ತಿ ಪುಡಿಯ ವ್ಯಾಪಾರವೇ ಆಯಿತು. ಕ್ಲೆರಿಕ್ (ವಾಸಿಮಾಡುವ ಪುರೋಹಿತ ಪಾತ್ರ) ಆಡುತ್ತಿದ್ದವಳು "ನಾನೇನು ದವಾಖಾನೆಯಾ?" ಎಂದು ಸಿಡುಕಿದಳು. ಆ ದಾರಿಯನ್ನೂ ಬಿಟ್ಟೆ.

ಈಗ ಆಡುವುದು ಹೀಗೆ. ಪ್ರತಿ ಪಾತ್ರದ ಗರಿಷ್ಠ ಹಿಟ್ ಪಾಯಿಂಟನ್ನು ಐದರಿಂದ ಭಾಗಿಸಿ ಅಷ್ಟು ಗಾಜಿನ ಮಣಿ ಕೊಡುತ್ತೇನೆ. ಐದನೇ ಲೆವೆಲ್ ಫೈಟರ್ 44 ಇದ್ದರೆ ಒಂಬತ್ತು ಮಣಿ, ಬಿಡಿ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಸೇವ್ ತಪ್ಪಿದರೆ ಮಣಿ ನನ್ನ ಮುಂದಿನ ಬಟ್ಟಲಿಗೆ ಬೀಳುತ್ತದೆ, ಅದು ಆ ಶವದ ಹೊಟ್ಟೆ. ಅಷ್ಟೇ ಹಿಟ್ ಪಾಯಿಂಟ್ ಅದಕ್ಕೆ ಸೇರುತ್ತದೆ. ಲಾಂಗ್ ರೆಸ್ಟ್‌ಗೆ ವಾಪಸ್ ಬರುವುದು ಒಂದೇ ಮಣಿ. ಆದರೆ ಶವವನ್ನು ಕೆಡವಿದರೆ ಬಟ್ಟಲಲ್ಲಿರುವುದೆಲ್ಲ ಆ ಕ್ಷಣವೇ ವಾಪಸ್, ಮಣಿ ಮುಗಿದರೆ ಸಾವು. ವ್ಯಾಂಪೈರ್‌ಗೆ ಅರ್ಧ ಕೆಲಸವನ್ನು 2014ರ ಪುಸ್ತಕವೇ ಮಾಡಿಕೊಟ್ಟಿದೆ: ಕಚ್ಚಿದರೆ ಸೇವ್ ಇಲ್ಲ, ಹೀರಿದಷ್ಟೂ ಅದರ ಮೈಗೇ. ನಾನು ಬಟ್ಟಲು ಇಟ್ಟೆ, ಅಷ್ಟೇ.

ಮಣಿಗಳಿಗೆ ಹೋದ ಖರ್ಚು ಚಿಲ್ಲರೆ. ಅದಕ್ಕೂ ಮುಂಚೆ ಶವಗಳ ಚಿಕಣಿ ಗೊಂಬೆಗಳಿಗೆ, ಬಣ್ಣಕ್ಕೆ ಸುರಿದದ್ದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ. ಹೆದರಿಸಿದ್ದು ಗೊಂಬೆಗಳಲ್ಲ, ಬಟ್ಟಲಲ್ಲಿ ಮಣಿ ಬಿದ್ದ ಟಣ್ ಸದ್ದು.

ಮೊದಲ ಸಲವೇ ಫಲ ಕಂಡಿತು. ಫೈಟರ್‌ನ ನಾಲ್ಕು ಮಣಿ ಬಟ್ಟಲಲ್ಲಿ, ವೈಟ್ ಮೆಟ್ಟಿಲಿಳಿದು ಕತ್ತಲಿಗೆ ಜಾರುತ್ತಿದೆ. "ಹಿಂದೆ ಸರಿಯೋಣ" ಎಂದಳು ಕ್ಲೆರಿಕ್. ಫೈಟರ್ ಬಟ್ಟಲಿಂದ ಕಣ್ಣೇ ತೆಗೆಯಲಿಲ್ಲ. "ನನ್ನ ನಾಲ್ಕು ಮಣಿ ಅದರ ಹೊಟ್ಟೆಯಲ್ಲಿವೆ, ಬಿಟ್ಟು ಬರಲಾ?" ಎಂದು ದೀವಟಿಗೆ ಕೂಡ ಇಲ್ಲದೆ ಇಳಿದ. ಹಿಂದೆ ಎಣ್ಣೆ ಸುರಿಯುತ್ತಿದ್ದವರು ಇವರೇ!

ರೇತ್‌ಗೆ ಮಾತ್ರ ಕಡಿವಾಣ ಬೇಕು. ಅದರ ಏಟು ಸರಾಸರಿ 21, ಅಂದರೆ ನಾಲ್ಕು ಮಣಿ. ಎರಡು ಏಟಿಗೆ ಎಂಟು ಹೋದರೆ ಆಟಗಾರನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಏಟಿಗೆ ಎರಡೇ ಮಣಿ, ಮಿಕ್ಕಿದ್ದು ಮಾಮೂಲಿ ಗಾಯ. ಅದರ ಬದಲು ಅದು ಗೋಡೆ ತೂರಿ ಮಣಿ ಸಮೇತ ಪರಾರಿಯಾಗುತ್ತದೆ, ಹಗಲು ಹೊರಬರುವುದಿಲ್ಲ. ಪಾರ್ಟಿ ಸೂರ್ಯ ಮುಳುಗುವುದನ್ನೇ ಕಾಯುತ್ತ ಕೂರುತ್ತದೆ. ಗರಿಷ್ಠ ಏರಿಸುವ ಏಡ್ ಸ್ಪೆಲ್‌ನ ಐದು ಪಾಯಿಂಟ್‌ಗೆ ಬಿಳಿ ಮಣಿ, ಹೀರುವಾಗ ಮೊದಲು ಹೋಗುವುದು ಅದೇ. ಇದನ್ನು ಹೊಳೆಸಿದವಳು ಕ್ಲೆರಿಕ್, ನಾನಲ್ಲ. ಈಗ ದವಾಖಾನೆಯ ಮಾತೇ ಎತ್ತುವುದಿಲ್ಲ.

ಶ್ಯಾಡೋ ಎಂಬ ನೆರಳಿನ ಭೂತಕ್ಕೆ ಮಣಿ ಹೊಂದಲಿಲ್ಲ. ಅದು ಕದಿಯುವುದು ಸ್ಟ್ರೆಂಗ್ತ್, ಏಟಿಗೆ ನಾಲ್ಕು ಮುಖದ ದಾಳದಷ್ಟು. ಸ್ಟ್ರೆಂಗ್ತ್ ಎಂಟರ ವಿಜರ್ಡ್‌ಗೆ (ಮಾಂತ್ರಿಕನಿಗೆ) ಕೆಟ್ಟ ದಾಳ ಬಿದ್ದರೆ, ಸ್ಟ್ರೆಂಗ್ತ್ ಸೊನ್ನೆಯಾಗಿ ಸಾಯಲು ಎರಡೇ ಏಟು ಸಾಕು. ಪುಸ್ತಕದಲ್ಲಿದ್ದದ್ದೇ ಸಾಕಷ್ಟು ಕ್ರೂರ ಎಂದು ಕೈ ಬಿಟ್ಟೆ. ಘೋಸ್ಟ್‌ನ ಮುಖ ನೋಡಿ ಹತ್ತರಿಂದ ನಲವತ್ತು ವರ್ಷ ಮುದುಕರಾಗುವ 2014ರ ನಿಯಮವನ್ನು ಎಲ್ಲ ಶವಗಳಿಗೂ ಹಚ್ಚಿ ನೋಡಿದ್ದೆ. ಮನುಷ್ಯರು ಗಾಬರಿಯಾದರು. ಏಳುನೂರೈವತ್ತು ವರ್ಷ ಬದುಕುವ ಎಲ್ಫ್ ನಕ್ಕಿತು.

ನನ್ನ ಬಟ್ಟಲಲ್ಲಿ ಒಂದು ಕಪ್ಪು ಮಣಿಯೂ ಇದೆ, ಅದು ಏನು ಮಾಡುತ್ತದೆಂದು ಇಲ್ಲಿ ಬರೆಯುವುದಿಲ್ಲ, ನನ್ನ ಆಟಗಾರರು ಓದುತ್ತಾರೆ. ಮೂರನೇ ಲೆವೆಲ್‌ಗಿಂತ ಕೆಳಗೆ ಇದನ್ನು ಆಡಿಸಬೇಡಿ. ಸ್ಪೆಕ್ಟರ್‌ನ ಏಟೇ ಸರಾಸರಿ ಹತ್ತು, ಮೊದಲ ಲೆವೆಲ್ ವಿಜರ್ಡ್ ಬಳಿ ಇರುವುದೇ ಒಂದೆರಡು ಮಣಿ. ಮುಂದಿನ ಸಲ ಎರಡು ವೈಟ್‌ಗೆ ಒಂದೇ ಬಟ್ಟಲು ಇಡುವ ಯೋಚನೆಯಿದೆ, ಎರಡೂ ಬೀಳುವವರೆಗೆ ಒಂದು ಮಣಿಯೂ ವಾಪಸ್ ಇಲ್ಲ.