ಲಾಲ್‌ಬಾಗ್‌ನ ಮಾವು–ಹಲಸು ಮೇಳಕ್ಕೆ ನಾನು ಹೋಗುವ ಬಗೆ

ಬೇಸಿಗೆಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನಡೆಯುವ ಮಾವು ಮತ್ತು ಹಲಸು ಮೇಳಕ್ಕೆ ನಾನು ಹಲವು ವರ್ಷಗಳಿಂದ ತಪ್ಪದೆ ಹೋಗುತ್ತಿದ್ದೇನೆ. ಅಲ್ಲಿನ ಮಳಿಗೆಗಳಲ್ಲಿ ಹಣ್ಣು ಬೆಳೆದವರೇ ಕುಳಿತಿರುತ್ತಾರೆ ಎಂಬುದೇ ನನ್ನ ಮಟ್ಟಿಗೆ ಈ ಮೇಳದ ನಿಜವಾದ ಬೆಲೆ. ಬೀದಿಯ ಅಂಗಡಿಯಲ್ಲಿ ದರವನ್ನಷ್ಟೇ ವಿಚಾರಿಸಬಹುದು. ಇಲ್ಲಿ ಕಾಯಿಯನ್ನು ಮರದಿಂದ ಇಳಿಸಿದ್ದು ಯಾವಾಗ, ಅಡೆ ಹಾಕಿದ್ದು ಹೇಗೆ, ತಿನ್ನಲು ಇನ್ನೆಷ್ಟು ದಿನ ಕಾಯಬೇಕು ಎಂಬುದನ್ನೆಲ್ಲ ಕೇಳಿ ತಿಳಿಯಬಹುದು. ಹಾಗಾಗಿ ಕೊಳ್ಳುವುದಕ್ಕಿಂತ ಹೆಚ್ಚಿನ ಸಮಯವನ್ನು ಮಾತಿಗೆಂದು ಇಟ್ಟುಕೊಂಡೇ ಹೊರಡುತ್ತೇನೆ.

ವಾರದ ನಡುವಿನ ದಿನ, ಬೆಳಿಗ್ಗೆ ಮಳಿಗೆಗಳು ತೆರೆಯುವ ಹೊತ್ತಿಗೆ ಹೋಗುವುದು ನನ್ನ ರೂಢಿ. ಶನಿವಾರ, ಭಾನುವಾರಗಳ ನೂಕುನುಗ್ಗಲಿನಲ್ಲಿ ರೈತರಿಗೆ ತೂಕ ಮಾಡಿ ಕೊಡಲೇ ಪುರುಸೊತ್ತಿರುವುದಿಲ್ಲ; ಅಲ್ಲದೆ ಮೇ ತಿಂಗಳಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಮಳೆ ಸುರಿಯುವ ಸಂಭವವೂ ಹೆಚ್ಚು. ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಬಂದಿಳಿಯುವುದರಿಂದ ವಾಹನ ನಿಲ್ಲಿಸುವ ಚಿಂತೆಯಿಲ್ಲ. ಅಗಲ ತಳದ ಬಟ್ಟೆಯ ಚೀಲಗಳನ್ನು ಮನೆಯಿಂದಲೇ ಒಯ್ಯುತ್ತೇನೆ.

ಮೊದಲ ಸುತ್ತಿನಲ್ಲಿ ನಾನು ಏನನ್ನೂ ಕೊಳ್ಳುವುದಿಲ್ಲ. ರಾಮನಗರದ ಕಡೆಯ ಫಸಲು ಬೇಗ ಬರುತ್ತದೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ್ದು ತಡವಾಗಿ ಬರುತ್ತದೆ. ಆದ್ದರಿಂದ ಯಾವ ಊರಿನ ಹಣ್ಣು ಈಗ ಹದಕ್ಕೆ ಬಂದಿದೆ ಎಂಬುದು ಮಳಿಗೆಯಿಂದ ಮಳಿಗೆಗೆ ನಡೆದಾಗಲೇ ಗೊತ್ತಾಗುತ್ತದೆ. ಬಣ್ಣಕ್ಕೆ ಮರುಳಾಗಬಾರದೆಂಬುದನ್ನು ನನಗೆ ಕಲಿಸಿದವರು ಇಲ್ಲಿಯ ರೈತರೊಬ್ಬರು. ಒಂದು ಬಾದಾಮಿ ಮಾವನ್ನು ನನ್ನ ಅಂಗೈಯಲ್ಲಿಟ್ಟು, "ಬಣ್ಣ ಬಿಡಿ ಅಮ್ಮಾ, ಹೆಗಲು ನೋಡಿ" ಎಂದರು. ತೊಟ್ಟಿನ ಎರಡೂ ಪಕ್ಕದ ಭಾಗ ಉಬ್ಬಿ ಮೇಲೆದ್ದು, ತೊಟ್ಟು ಸಣ್ಣ ಗುಣಿಯೊಳಗೆ ಕುಳಿತಂತೆ ಕಂಡರೆ ಕಾಯಿ ಮರದಲ್ಲೇ ಚೆನ್ನಾಗಿ ಬಲಿತಿದೆ ಎಂದರ್ಥ. ಹೆಗಲು ಇಳಿಜಾರಾಗಿದ್ದರೆ ಅದು ಎಳೆಯದಾಗಿಯೇ ಕೊಯ್ದದ್ದು, ಎಷ್ಟು ದಿನವಿಟ್ಟರೂ ಅದಕ್ಕೆ ತಕ್ಕ ಸಿಹಿ ಬಾರದು. ಬಲಿತ ಕಾಯಿ ನೀರಿನಲ್ಲಿ ಮುಳುಗುತ್ತದೆ, ಎಳೆಯದು ತೇಲುತ್ತದೆ ಎಂಬ ಪರೀಕ್ಷೆಯನ್ನೂ ಅವರೇ ಬಕೆಟ್ ನೀರಿನಲ್ಲಿ ತೋರಿಸಿಕೊಟ್ಟರು.

ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ; ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗಕ್ಕೆ ನೂರು ಭಾಗದವರೆಗೆ, ಬಳಸಲು ಅನುಮತಿಯಿದೆ. ಯಾವುದನ್ನು ಬಳಸಿ ಹಣ್ಣು ಮಾಡಿದ್ದೀರಿ ಎಂದು ನಾನಂತೂ ಸಂಕೋಚಪಡದೆ ನೇರವಾಗಿ ಕೇಳುತ್ತೇನೆ, ಬೆಳೆದವರು ಬೇಸರಿಸದೆ ಉತ್ತರಿಸುತ್ತಾರೆ. ಹೊರಗೆಲ್ಲ ಒಂದೇ ಸಮನೆ ಹಳದಿಯಾಗಿದ್ದು, ತೊಟ್ಟಿನ ಬಳಿ ಮೂಸಿದರೆ ಪರಿಮಳವೇ ಇಲ್ಲದ ಹಣ್ಣನ್ನು ನಾನು ಮುಟ್ಟುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಕೊಳ್ಳುವಾಗ, ಎಲ್ಲವೂ ಒಟ್ಟಿಗೇ ಹಣ್ಣಾಗದಂತೆ ಹಂಚಿಕೊಳ್ಳುತ್ತೇನೆ. ಅಂದೇ ಸೀಕರಣೆ ಮಾಡಲು ಕಳಿತ ರಸಪುರಿ, ಮೂರು ನಾಲ್ಕು ದಿನ ಬಿಟ್ಟು ತಿನ್ನಲು ದೋರಗಾಯಿ ಬಾದಾಮಿ, ಉಪ್ಪು ಖಾರ ಹಚ್ಚಿ ತಿನ್ನಲು ತೋತಾಪುರಿ, ಎಲ್ಲಕ್ಕಿಂತ ತಡವಾಗಿ ತಿನ್ನಲು ಮಲ್ಲಿಕಾ. ನೀಲಂ ಮತ್ತು ದಶೇರಿ ತಳಿಗಳ ಸಂಕರದಿಂದ ಬಂದ ಮಲ್ಲಿಕಾ ಹಣ್ಣಿಗೆ ಸಲ್ಲಬೇಕಾದ ಮರ್ಯಾದೆ ಸಿಗುತ್ತಿಲ್ಲವೆಂದೇ ನನ್ನ ಅಭಿಪ್ರಾಯ. ಸಿಪ್ಪೆ ತುಸು ಸುಕ್ಕಾಗುವವರೆಗೆ ಕಾದವರಿಗೆ ಮಾತ್ರ ಅದರ ಸಿಹಿ ದಕ್ಕುತ್ತದೆ.

ಮನೆಗೆ ಬಂದ ಕೂಡಲೇ ಸೊನೆ ಹೋಗುವಂತೆ ಹಣ್ಣುಗಳನ್ನು ತೊಳೆದು, ಒರೆಸಿ, ತೊಟ್ಟು ಕೆಳಗಾಗುವಂತೆ ಕಾಗದದ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡುತ್ತೇನೆ. ಹಣ್ಣಾಗದ ಕಾಯಿಯನ್ನು ಫ್ರಿಜ್‌ನಲ್ಲಿಡುವುದಿಲ್ಲ, ಏಕೆಂದರೆ ಅಷ್ಟು ತಂಪಿನಲ್ಲಿ ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ.

ಹಲಸಿನ ವಿಷಯದಲ್ಲಿ ನನ್ನ ಒಲವು ಕೆಂಪು ತೊಳೆಯ ಹಣ್ಣುಗಳ ಕಡೆಗೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ತೋಟದ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ಮೇಲೆ ಪ್ರಸಿದ್ಧವಾದ ಸಿದ್ದು ಹಲಸಿನ ಹಣ್ಣು ಸುಮಾರು 2.5 ಕಿಲೋ ಮಾತ್ರ ತೂಗುವುದರಿಂದ ಚಿಕ್ಕ ಸಂಸಾರಕ್ಕೂ ಹೊರೆಯಾಗದು. ಅದು ಸಿಗದಿದ್ದರೆ ಬಿಡಿಸಿದ ತೊಳೆಯನ್ನು ಕೊಂಡು, ಅದರ ಬೀಜಗಳನ್ನು ಹುಳಿಗೆ ಎತ್ತಿಡುತ್ತೇನೆ.

ಹೊರಡುವ ಮುನ್ನ, ಮನಸ್ಸಿಗೆ ಒಪ್ಪಿದ ಹಣ್ಣು ಕೊಟ್ಟ ರೈತರ ಫೋನ್ ನಂಬರ್ ಬರೆದುಕೊಳ್ಳುತ್ತೇನೆ. ನೀಲಂ ಫಸಲು ಬರುವುದು ಋತುವಿನ ಕೊನೆಗೆ. ಆ ಹೊತ್ತಿಗೆ ಮೇಳ ಮುಗಿದಿದ್ದರೆ ಅವರನ್ನೇ ಕೇಳಿ ಒಂದು ಪೆಟ್ಟಿಗೆ ತರಿಸಿಕೊಳ್ಳಬಹುದು.